ಜಹಾಜ್ ಮಾಸ್ತರರ ಜೊತೆ ಸುರಪುರಕ್ಕೆ

ಬೆಂಗಳೂರಿನ ರೈಲು ಬೆಳಿಗ್ಗೆ ಆರಕ್ಕೆ ನನ್ನನ್ನು ಯಾದಗಿರಿಯಲ್ಲಿ ಇಳಿಸಿತು. ಮಂಡಕ್ಕಿಯ ಸೂಸಲಾ, ಎರಡು ಮಿರ್ಚಿ ತಿಂದು ಶಹಾಪುರದ ಬಸ್ ಹತ್ತಿದೆ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಹೊರಟದ್ದು ರಸೂಲ್ ಮಾಸ್ತರರಿಗೆ ಕೃತಜ್ಞತೆ ಹೇಳಲು. ಚಿಕ್ಕವಳಿದ್ದಾಗ ನನಗೆ ಮಾತು ತೊದಲುತ್ತಿತ್ತು. ಮುದನಾಳದಲ್ಲಿ ಚಿಕ್ಕಮ್ಮನ ಮದುವೆಗೆ ಬ್ಯಾಂಡ್ ತಂದಿದ್ದ ಅವರು ಮೈಕನ್ನು ನನ್ನ ಕೈಗಿಟ್ಟು, "ಮಾತ ಬ್ಯಾಡ, ಹಾಡವ್ವ" ಅಂದಿದ್ದರು. ಹಾಡಿದೆ, ತೊದಲಲಿಲ್ಲ. ಈಗ ನಾನು ಸಂಗೀತದ ಟೀಚರ್. ಇಷ್ಟು ವರ್ಷ ಬಾರದೆ ಉಳಿದದ್ದಕ್ಕೆ ನಾಚಿಕೆಯೂ ಆಯಿತು.

ಶಹಾಪುರದಲ್ಲಿ ರಸೂಲ್ ಮಾಸ್ತರ್ ಎಂದರೆ ಯಾರಿಗೂ ಗೊತ್ತಿಲ್ಲ. "ಜಹಾಜ್ ಮಾಸ್ತರ್ ಅನ್ರಲ್ಲ!" ಎಂದು ಚಹಾದಂಗಡಿಯವನು ಮನೆ ತೋರಿಸಿದ. ಹರೆಯದಲ್ಲಿ ಹೈದರಾಬಾದಿನ ಹೋಟೆಲಿನಲ್ಲಿ ಜಾಝ್ ಹಾಡುತ್ತಿದ್ದವರು ಊರಿಗೆ ಬಂದು ತಮ್ಮದೇ ತಂಡ ಕಟ್ಟಿದರಂತೆ. 'ಜಾಝ್ ಬ್ಯಾಂಡ್' ಎಂದು ಬೋರ್ಡ್ ಬರೆಯಲು ಹೇಳಿದರೆ, ನಡುವೆ ಅಕ್ಷರ ಬಿಟ್ಟುಹೋಗಿದೆ ಎಂದುಕೊಂಡ ಪೇಂಟರ್ 'ಜಹಾಜ್ ಬ್ಯಾಂಡ್' ಎಂದು ಬರೆದು, ಪಕ್ಕದಲ್ಲಿ ಹಡಗನ್ನೂ ಬಿಡಿಸಿಬಿಟ್ಟ!

"ಮದಿವ್ಯಾಗ ಎಲ್ಲಾರೂ ಜಹಾಜ್ ಎಲ್ಲೈತ್ರಿ ಅಂತ ಕೇಳೋರು. ಭೀಮಾದಾಗ ನೀರ ಕಮ್ಮಿ, ಅಲ್ಲೇ ನಿಂತೈತಿ ಅಂತಿದ್ದೆ. ನಗೋರು. ಕಡೀಕ ನಗಸೋದೇ ಕಸಬಾತು ನೋಡವ್ವ" ಎಂದರು ಮಾಸ್ತರು.

ನನ್ನ ಕೃತಜ್ಞತೆಗೆ, "ನಂಗ ನೆನಪೇ ಇಲ್ಲಲ್ಲ!" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಇವತ್ತ ಸುರಪುರದಾಗ ಮದಿವಿ ಐತಿ. ಒಂದ ಹಾಡ ಹಾಡಬೇಕಂತ ಮನಸೈತಿ. ಅದಕ್ಕೂ ಮಂದಿ ನಕ್ರ ಏನ್ ಮಾಡ್ಲಿ?"

"ನಾನೂ ಬರ್ತೀನ್ರಿ" ಅಂದೆ.

ಸುರಪುರದ ಕಲ್ಯಾಣ ಮಂಟಪ ತಲುಪಿದಾಗ ಹನ್ನೊಂದಾಗಿತ್ತು. ಮಾಸ್ತರು ಮೈಕ್ ಹಿಡಿದರು. ಬಾಯಿ ತೆರೆಯುವ ಮೊದಲೇ ಮುಂದಿನ ಸಾಲು ನಕ್ಕಿತು. ಅವರು ನಗು ನಿಲ್ಲುವತನಕ ಕಾದು, ಹೋಟೆಲಿನ ಕಾಲದ ಒಂದು ನಿಧಾನದ ಇಂಗ್ಲಿಷ್ ಹಾಡು ಎತ್ತಿಕೊಂಡರು. ಮೇಲಿನ ಸ್ವರದಲ್ಲಿ ಗಂಟಲು ಒಡೆಯಿತು. ಮತ್ತೆ ಯಾರೋ ನಕ್ಕರು. ಮಾಸ್ತರು ಕಣ್ಣು ಮುಚ್ಚಿ ಹಾಡುತ್ತಲೇ ಇದ್ದರು. ಬರುಬರುತ್ತ ಊಟದ ಪಂಕ್ತಿಯ ಗದ್ದಲವೂ ಅಡಗಿತು.

ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮದುಮಗಳ ಅಜ್ಜಿ ಎದ್ದು ಅವರ ಹತ್ತಿರ ಹೋದಳು.

"ತಿಳೀಲಿಲ್ಲ ಖರೆ, ಛಲೋ ಅನಸ್ತ್ರಿ. ಇನ್ನೊಂದ ಹಾಡ್ರಿ ಮಾಸ್ತರ. ನಗಸಬ್ಯಾಡ್ರಿ."

ಮಾಸ್ತರು ಟವೆಲಿನಿಂದ ಮುಖ ಒರೆಸಿಕೊಂಡರು. ಹಾಡಲು ಶುರುಮಾಡಿದರು. ನಾನು ವಾಪಸ್ ಹೋಗಬೇಕಿದ್ದ ಹನ್ನೆರಡರ ಬಸ್ಸನ್ನು ಬಿಟ್ಟೆ.