ಹೆಬ್ಬೆಟ್ಟಿನ ವಿದ್ಯೆ

ಕಳೆದ ನವೆಂಬರಿನ ಕೊನೆಯ ದಿನ, ಅಂಧೇರಿಯ ಒಂದು ಬ್ಯಾಂಕಿನಲ್ಲಿ, ಅಂಗೈಯಗಲದ ಯಂತ್ರವೊಂದು ನಾನು ಬದುಕಿಲ್ಲವೆಂದು ಸಾರಿತು. ಒಂದಲ್ಲ, ನಾಲ್ಕು ಸಲ! ನಂಬಿ ಮಾರಾಯರೇ, ನಾನು ಅದರ ಎದುರಿಗೇ ಕೂತು ಬೆವರುತ್ತಿದ್ದೆ.

ನನ್ನಂಥ ನಿವೃತ್ತರು ವರ್ಷಕ್ಕೊಮ್ಮೆ ಹೆಬ್ಬೆಟ್ಟು ಒತ್ತಿ ತಾವು ಜೀವಂತವಾಗಿದ್ದೇವೆಂದು ರುಜುವಾತು ಮಾಡಬೇಕು. ಇಲ್ಲವಾದರೆ ಪಿಂಚಣಿ ನಿಲ್ಲುತ್ತದೆ. ಮೂವತ್ತು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವಳು ನಾನು. ‘ಮನುಷ್ಯರೆಲ್ಲ ಮರ್ತ್ಯರು’ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದೆನೋ! ಆದರೆ ಆ ಪಟ್ಟಿಯಲ್ಲಿ ನನ್ನ ಸರದಿ ಇನ್ನೂ ಬಂದಿಲ್ಲವೆಂದು ಸಾಧಿಸಲು ಒಂದು ತರ್ಕವೂ ಒದಗಲಿಲ್ಲ. ಸೋಮಾರಿ ವಿದ್ಯಾರ್ಥಿಗಳಿಗೆ “ಓದದಿದ್ದರೆ ಹೆಬ್ಬೆಟ್ಟು ಒತ್ತಬೇಕಾದೀತು” ಎಂದು ಗದರುತ್ತಿದ್ದವಳೂ ನಾನೇ. ಈಗ ಪಿಎಚ್.ಡಿ. ಪಡೆದು ಹೆಬ್ಬೆಟ್ಟು ಒತ್ತುತ್ತಿದ್ದೇನೆ, ಅದರಲ್ಲೂ ನಪಾಸು.

“ಮೇಡಮ್, ಮ್ಯಾಚ್ ನಹೀ ಹೋ ರಹಾ. ಆಜ್ ಲಾಸ್ಟ್ ಡೇ ಹೈ” ಎಂದ ಗುಮಾಸ್ತ. ಕೊನೆಯ ದಿನ ಯಾರದು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಜೊತೆಗೆ ನಾಗವ್ವ ಬಂದಿದ್ದಳು. ಗೋರೆಗಾಂವಿನ ನಮ್ಮ ಬಿಲ್ಡಿಂಗಿನಲ್ಲಿ ಮನೆಗೆಲಸ ಮಾಡುವ ವಿಜಯಪುರದ ಕಡೆಯವಳು. ನನ್ನ ಮೊಣಕಾಲು ಸ್ಟೇಷನ್ ಮೆಟ್ಟಿಲಿಗೆ ಹೆದರುವುದರಿಂದ ಕೈ ಹಿಡಿಯಲು ಕರೆದುಕೊಂಡು ಬಂದಿದ್ದೆ. ಮುಂಬಯಿಯಲ್ಲಿ ಮನೆಗೆಲಸದವಳು ‘ಬಾಯಿ’. ಅವಳ ಊರಲ್ಲಿ ಮನೆಯ ಯಜಮಾನಿ ‘ಬಾಯಾರು’. ಹಾಗಾಗಿ ಬಿಲ್ಡಿಂಗೆಲ್ಲ ಅವಳನ್ನು ಬಾಯಿ ಅನ್ನುತ್ತದೆ, ಅವಳು ನನ್ನನ್ನು ಬಾಯಾರು ಅನ್ನುತ್ತಾಳೆ. ಒಂದೇ ಶಬ್ದ, ಕೊನೆಗೊಂದು ‘ರು’ ಅಂಟಿದ್ದಕ್ಕೆ ಕುರ್ಚಿ ನನಗೆ, ನೆಲ ಅವಳಿಗೆ! ಇರಲಿ, ಬ್ಯಾಂಕಿಗೆ ಬರೋಣ.

ಪರದೆಯ ಮೇಲೆ ಮೂಡಿದ ಇಂಗ್ಲಿಷ್ ವಾಕ್ಯವನ್ನು ನಾನು ಓದಿದೆ, ಅದರ ವ್ಯಾಕರಣದ ತಪ್ಪನ್ನೂ ಹಿಡಿದೆ. ನಾಗವ್ವನಿಗೆ ಯಾವ ಭಾಷೆಯ ಅಕ್ಷರವೂ ಬಾರದು. ಅವಳು ಕೆಂಪು ದೀಪ ನೋಡಿದಳು, ನನ್ನ ಬೆರಳು ನೋಡಿದಳು, ಅಷ್ಟೇ.

“ಬಾಯಾರ, ಬಟ್ಟು ಒಣಗೇತ್ರಿ. ತಲ್ಯಾಗ ತಿಕ್ಕೋರಿ.”

ತಿಕ್ಕಿಕೊಂಡೆ. ಶಾಂಪೂ ಹಾಕಿದ ತಲೆ, ಎಣ್ಣೆಯ ಪಸೆ ಎಲ್ಲಿ ಬರಬೇಕು? ನಾಗವ್ವ ತಡಮಾಡಲಿಲ್ಲ. ನನ್ನ ಡಾಕ್ಟರೇಟ್ ಹೆಬ್ಬೆರಳನ್ನು ಹಿಡಿದು ಎಣ್ಣೆ ಹಚ್ಚಿದ ತನ್ನ ಬೈತಲೆಯ ಮೇಲೆ ಎರಡು ಸಲ ಎಳೆದಳು, ಹೆಚ್ಚಾದದ್ದನ್ನು ಸೆರಗಿನಿಂದ ಒರೆಸಿದಳು. ನಾನು ಮತ್ತೆ ಬಲವಾಗಿ ಒತ್ತಲು ಹೋದರೆ ಗದರಿದಳು: “ಎಷ್ಟ್ ಒತ್ತತೀರ್ರಿ! ಸುಮ್ಮ ಇಡ್ರಿ, ಹಗೂರಕ.”

ಹಗೂರಕ ಇಟ್ಟೆ. ಹಸಿರು ದೀಪ! ಬದುಕಿದೆ! ಎದ್ದು ಕುಣಿಯಬೇಕೆನಿಸಿತು, ಮೊಣಕಾಲು ಬೇಡವೆಂದಿತು. ನನ್ನ ಹಿಂದಿದ್ದ ರಿಟೈರ್ಡ್ ಎಂಜಿನಿಯರರೊಬ್ಬರು, ಬೆಳಗಿನಿಂದ ಯಂತ್ರದೊಂದಿಗೆ ಜಗಳವಾಡಿ ಸೋತವರು, ಹೆಬ್ಬೆರಳನ್ನು ನಾಗವ್ವನ ಮುಂದೆ ಚಾಚಿ “ಬಾಯಿ, ಮೇರಾ ಭೀ ದೇಖೋ ನಾ” ಎಂದರು. ನಾಗವ್ವ ವೈದ್ಯರ ಗತ್ತಿನಲ್ಲಿ ನೋಡಿ, “ತುಮ್ಹಾರಾ ಗೀಲಾ ಹೈ, ಪೋಂಛೋ” ಎಂದಳು. ಬೆವರಿನ ಒದ್ದೆ ಒರೆಸಿದರು, ಅವರೂ ಬದುಕಿದರು. ನನಗೋ, ನನ್ನ ಶಿಷ್ಯೆಗೆ ರ‍್ಯಾಂಕ್ ಬಂದಷ್ಟು ಹೆಮ್ಮೆ. ಶಿಷ್ಯೆ ಯಾರು, ಗುರು ಯಾರು ಎಂಬುದನ್ನು ಆ ಸಂಭ್ರಮದಲ್ಲಿ ವಿಚಾರಿಸಲು ಹೋಗಲಿಲ್ಲ.

ವಾಪಸು ಬರುವಾಗ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕೇಳಿದೆ, “ಇದನ್ನೆಲ್ಲ ಎಲ್ಲಿ ಕಲಿತೆಯೇ?”

“ರೇಷನ್ ಅಂಗಡ್ಯಾಗ್ರಿ. ಆಗ ಕಟ್ಟಡದ ಕೆಲಸಕ್ಕ ಹೋಗ್ತಿದ್ದೆ, ಸಿಮೆಂಟ್ ಕಲಸಿ ಕಲಸಿ ನನ್ನ ಬಟ್ಟಿನ ಗೆರಿ ಅಳಿಸಿ ಹೋಗಿದ್ವು. ಮಷಿನ್ ಒಪ್ಪವಲ್ದು. ಮೂರು ಸಲ ಖಾಲಿ ಚೀಲ ತಗೊಂಡು ಮನಿಗೆ ಬಂದೀನ್ರಿ. ಹುಡುಗ್ರ ಮಾರಿ ನೋಡಿ ಕಲ್ತೆ.”

ಅದುವರೆಗೆ ನಗುತ್ತಿದ್ದವಳು ನನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡೆ.

“ನಿಮ್ಮ ಗೆರಿ ಹ್ಯಾಂಗ ಸವದಾವ್ರಿ ಬಾಯಾರ?” ಎಂದು ಅವಳೇ ಕೇಳಿದಳು.

ಸಂಕೋಚ ಮುಚ್ಚಿಕೊಳ್ಳಲು ತಮಾಷೆ ಮಾಡಿದೆ: “ಪುಸ್ತಕದ ಹಾಳೆ ತಿರುವಿ ತಿರುವಿ.”

ನಾಗವ್ವ ನಗಲಿಲ್ಲ. ನನ್ನ ಹೆಬ್ಬೆರಳನ್ನು ತನ್ನ ಒರಟು ಅಂಗೈಯಲ್ಲಿಟ್ಟುಕೊಂಡು ಸವರಿ, “ಅಯ್ಯ ಪಾಪ! ಅಷ್ಟ್ ದುಡಿದೀರೇನ್ರಿ!” ಎಂದಳು.

ನನ್ನ ಓದನ್ನು ದುಡಿಮೆಯೆಂದು ಒಪ್ಪಿಕೊಂಡವರು ಈ ಊರಲ್ಲಿ ಅವಳೊಬ್ಬಳೇ. ತಮಾಷೆಗೆ ಹೇಳಿದ್ದೆನೆಂದು ಇವತ್ತಿಗೂ ಅವಳಿಗೆ ತಿಳಿಸಿಲ್ಲ.