ನಾಲ್ಕನೇ ಇನಿಂಗ್ಸ್‌ಗೆ ಎದ್ದು ಹೋದವರು

ಆ ಶನಿವಾರವೂ ಓಪಲ್‌ಗೆ ಹಲ್ಲುನೋವು ಬಂತು. ಬರಿಸಿದವನು ಅವಳ ಗಂಡ ವರ್ಲಿನ್ ಡಾಟ್ಸನ್.

ಏಪ್ರಿಲ್ ತಿಂಗಳು. ಕ್ಯಾನ್ಸಾಸಿನ ಗಾಳಿ ಟೋಪಿ ಹಾರಿಸುವಷ್ಟಿತ್ತು. ಸಣ್ಣ ಕಾಲೇಜಿನ ಮೈದಾನ, ನಾಲ್ಕು ಸಾಲು ಬೆಂಚು. ವರ್ಲಿನ್ ತನ್ನ ಮಡಚುವ ಕುರ್ಚಿ ಹಾಕಿಕೊಂಡು ಬಲೆಯ ಹಿಂದೆ ಕೂತಿದ್ದ. ಪಕ್ಕದಲ್ಲಿ ಓಪಲ್, ಕೈಯಲ್ಲಿ ಸ್ಟಾಪ್‌ವಾಚ್. ವರ್ಲಿನ್ ಒಂದು ದೊಡ್ಡ ಬೇಸ್‌ಬಾಲ್ ಕ್ಲಬ್ಬಿನ ಸ್ಕೌಟ್. ಇಪ್ಪತ್ತಾರು ವರ್ಷದಿಂದ ಕಾಲೇಜು ಕಾಲೇಜು ಸುತ್ತಿ, ಹುಡುಗರ ಆಟ ನೋಡಿ, ಯಾರಲ್ಲಿ ಏನಿದೆ ಎಂದು ಹಾಳೆಯಲ್ಲಿ ಬರೆದು ಕಳಿಸುವುದು ಅವನ ಕೆಲಸ. ಜುಲೈನಲ್ಲಿ ಡ್ರಾಫ್ಟ್ ನಡೆಯುತ್ತದೆ. ಕ್ಲಬ್ಬುಗಳು ಸರದಿಯಂತೆ ಒಬ್ಬೊಬ್ಬ ಹುಡುಗನ ಹೆಸರು ಕೂಗಿ ಆರಿಸಿಕೊಳ್ಳುತ್ತವೆ. ಹೆಸರು ಬಂದವನು ಆಟಗಾರನಾಗುತ್ತಾನೆ. ಬಾರದವನು ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ.

ವರ್ಲಿನ್‌ಗೆ ಸೊಂಟ ಹಿಡಿದುಕೊಂಡ ಮೇಲೆ ಓಪಲ್ ಜೊತೆಗೆ ಹೊರಟವಳು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದಳು. ಆದರೆ ಬ್ಯಾಟಿಗೆ ಚೆಂಡು ತಗಲಿದ ಸದ್ದಿಗೆ ಗುಂಡಿ ಒತ್ತಿ, ಓಡುವವನ ಕಾಲು ಮೊದಲ ಬೇಸಿಗೆ ತಗಲುತ್ತಲೇ ಇನ್ನೊಮ್ಮೆ ಒತ್ತುವುದರಲ್ಲಿ ಅವಳ ಬೆರಳು ತಪ್ಪುತ್ತಿರಲಿಲ್ಲ.

ಅವತ್ತು ನೋಡಲು ಬಂದದ್ದು ಎಮೆಟ್ ಪ್ರಾಥರ್‌ನನ್ನು. ಕೊನೇ ವರ್ಷದ ಹುಡುಗ, ಇದೇ ಅವನ ಕೊನೇ ಡ್ರಾಫ್ಟ್. ಒಂಬತ್ತು ಇನಿಂಗ್ಸ್‌ನ ಆಟದಲ್ಲಿ ಮೊದಲ ಮೂರು ಇನಿಂಗ್ಸ್ ಎರಡನೇ, ಮೂರನೇ ಬೇಸಿನ ನಡುವೆ, ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತು, ನೆಲಕ್ಕೆ ಒರಸಿಕೊಂಡು ಬಂದ ಚೆಂಡನ್ನೆಲ್ಲ ಹೆಕ್ಕಿದ. ನಾಲ್ಕನೆಯದಕ್ಕೆ, ಬ್ಯಾಟು ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವ ಅವರ ಕ್ಯಾಚರ್‌ನ ಹೆಬ್ಬೆರಳು ಸೀಳಿತು. ಕೋಚ್ ಕರೆಯುವ ಮೊದಲೇ ಎಮೆಟ್ ಓಡಿಬಂದು ಕ್ಯಾಚರ್‌ನ ಎದೆಗಾಪು, ಮುಖವಾಡ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟ.

ವರ್ಲಿನ್ ಕುರ್ಚಿ ಮಡಚಿದ.

"ಏನೋ ವರ್ಲಿನ್, ಇಷ್ಟು ಬೇಗ ಹಸಿವಾಯ್ತಾ?" ಎಂದ ಕೆನ್ನಿ. ಅವನು ಎದುರಾಳಿ ಕ್ಲಬ್ಬಿನ ಸ್ಕೌಟ್, ಹಳೇ ಗೆಳೆಯ.

"ನನ್ನವಳಿಗೆ ಹಲ್ಲುನೋವು ಕಣೋ. ಇಲ್ಲಿ ನೋಡೋಕಾದ್ರೂ ಏನಿದೆ?"

ಓಪಲ್ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನರಳಿದಳು. ಪಿಕಪ್ ಹತ್ತಿದ ಮೇಲೆ ಕೈ ತೆಗೆದಳು.

"ಇಷ್ಟು ವರ್ಷದಲ್ಲಿ ನನ್ನ ಬಾಯಲ್ಲಿ ಹಲ್ಲೇ ಉಳೀಬಾರ್ದಿತ್ತು. ಒಂದ್ಸಲನಾದ್ರೂ ನಿನ್ನ ಸೊಂಟ ನೋಯ್ಬಾರ್ದಾ?"

"ಅದು ನಿಜವಾಗ್ಲೂ ನೋಯುತ್ತಲ್ಲ ಕಣೇ. ಸುಳ್ಳು ಹೇಳೋಕೆ ಆಗಲ್ಲ."

ಸ್ಕೌಟ್‌ಗೆ ಹುಡುಗ ಇಷ್ಟವಾದರೆ ಅದು ಮುಖದಲ್ಲಿ ಕಾಣಬಾರದು. ಕಂಡರೆ ಬೇರೆ ಕ್ಲಬ್ಬಿನವರು ಮೊದಲೇ ಹಾರಿಸಿಕೊಂಡು ಹೋಗುತ್ತಾರೆ. ವರ್ಲಿನ್ ತನ್ನ ಮುಖವನ್ನು ನಂಬುತ್ತಿರಲಿಲ್ಲ. ಹುಡುಗ ತುಂಬಾ ಹಿಡಿಸಿದನೆಂದರೆ ಎಲ್ಲರಿಗೂ ಕಾಣುವ ಹಾಗೆ ಎದ್ದು ಹೋಗುತ್ತಿದ್ದ. ಅವತ್ತು ಮೈದಾನ ಸುತ್ತಿಕೊಂಡು ಹಿಂದಿನ ಮಣ್ಣುರಸ್ತೆಗೆ ಬಂದು, ಗೋದಿ ತುಂಬುವ ತಗಡಿನ ಕಣಜದ ಮರೆಯಲ್ಲಿ ಗಾಡಿ ನಿಲ್ಲಿಸಿದ. ದುರ್ಬೀನು ತೆಗೆದ. ಓಪಲ್ ಗಾಜಿನೊಳಗಿಂದಲೇ ಗುಂಡಿ ಒತ್ತಿದಳು. ಎಮೆಟ್ ಕೈಯಿಂದ ಎರಡನೇ ಬೇಸಿಗೆ ಚೆಂಡು ಹೋಗಲು ಒಂದು ಪಾಯಿಂಟ್ ಒಂಬತ್ತು ಸೆಕೆಂಡು, ದೊಡ್ಡ ಲೀಗಿನ ಕ್ಯಾಚರ್‌ಗಳ ವೇಗ. ವರ್ಲಿನ್ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡ.

ಏಳನೇ ಇನಿಂಗ್ಸ್‌ಗೆ ಹೊಸ ಹುಡುಗನೊಬ್ಬ ಕ್ಯಾಚರ್ ಆದ. ಎಮೆಟ್ ದೂರದ ತುದಿಗೆ, ಇವರ ಬೇಲಿಯ ಕಡೆಗೇ ಬಂದು ನಿಂತ. ಐವತ್ತು ಹೆಜ್ಜೆ ಅಷ್ಟೆ. ಬೆನ್ನು ಇವರ ಕಡೆ. ಬಗ್ಗಿ ಒಂದು ಚಿಟಿಕೆ ಹುಲ್ಲು ಕಿತ್ತು ಬಿಟ್ಟು ಗಾಳಿ ನೋಡಿದ. ಎಡಗಡೆ ನಿಂತವನಿಗೆ ಮೂರು ಹೆಜ್ಜೆ ಸರಿಯುವಂತೆ ಕೈ ಮಾಡಿದ. ಮುಂದಿನ ಚೆಂಡು ಆ ಮೂರು ಹೆಜ್ಜೆಗೇ ಬಂದು ಬಿತ್ತು.

ವರ್ಲಿನ್ ದುರ್ಬೀನು ಇಳಿಸಿದ. "ಎಲ್ಲಿ ಆಡಿಸ್ತೀಯ ಅಂತ ಕ್ಲಬ್ಬಿನೋರು ಕೇಳ್ತಾರೆ ನೋಡು. ಅದೇ ಈ ಹುಡುಗನ ಗ್ರಹಚಾರ. ಎಲ್ಲಾ ಕಡೆ ಆಡ್ತಾನೆ, ಹಾಳೇಲಿ ಜಾಗ ಬರೆಯೋಕೆ ಒಂದೇ ಚೌಕ ಇರುತ್ತೆ."

"ನೀನೇನು ಬರೀತೀಯ?"

"ನಿಮ್ಮಲ್ಲಿ ಎಲ್ಲಿ ತೂತಿದೆ ಹೇಳಿ, ಅಲ್ಲಿ ನಿಲ್ಸಿ ಅಂತ ಬರೀತೀನಿ. ನಾಳೆ ಬೆಳಗ್ಗೆ. ಬರೆಯೋ ತನಕ ಯಾರ ಹತ್ರಾನೂ ಬಾಯಿ ಬಿಡಬೇಡ."

ದಾರಿಯಲ್ಲಿ ಊಟಕ್ಕೆ ನಿಂತರು. ವರ್ಲಿನ್ ತನ್ನ ಪೈ ಮುಗಿಸಿ ಅವಳದಕ್ಕೂ ಫೋರ್ಕ್ ಹಾಕಿದ. ಅವಳು ಕೈ ಮೇಲೆ ಹೊಡೆದಳು. ಅಷ್ಟೇ ಆ ದಿನ.

ಭಾನುವಾರ ಬೆಳಗ್ಗೆ ಮೇಜಿನ ಮೇಲೆ ಹಾಳೆಯಿಟ್ಟು ಎಮೆಟ್ ಪ್ರಾಥರ್ ಎಂದು ಹೆಸರು ಬರೆದ. ಬೂಟಿನ ದಾರ ಕಟ್ಟಲು ಬಗ್ಗಿದ. ಮೇಲೇಳಲಿಲ್ಲ.

ಚರ್ಚಿನ ಹೆಂಗಸರು ಸಾವಿನ ಮನೆಗೆಂದು ಹಂದಿಮಾಂಸ, ಆಲೂಗಡ್ಡೆ ಹೊತ್ತು ತಂದರು. ತಿನ್ನುವವರು ಇರಲಿಲ್ಲ. ಮಣ್ಣು ಮಾಡುವ ದಿನ ಕ್ಲಬ್ಬಿನಿಂದ ಸೀವರ್ಟ್ ಬಂದ. ವರ್ಲಿನ್‌ಗೆ ಮೇಲಿನವನು ಅವನು. ಅವನ ಕಣ್ಣು ಕೆಂಪಾಗಿತ್ತು, ಅದು ಸುಳ್ಳಲ್ಲ. ಓಪಲ್ ಅವನನ್ನು ಅಡುಗೆಮನೆಗೆ ಕರೆದು ಹೆಸರು ಮಾತ್ರ ಇದ್ದ ಹಾಳೆ ತೋರಿಸಿದಳು.

"ಈ ಹುಡುಗನ್ನ ಬಿಡಬೇಡಿ. ವರ್ಲಿನ್‌ಗೆ ಬಹಳ ಹಿಡಿಸಿದ್ದ."

"ಓಪಲ್, ಅವರು ನಾಲ್ಕನೇ ಇನಿಂಗ್ಸ್‌ಗೇ ಎದ್ದು ಹೋದ್ರು ಅಂತ ಕೆನ್ನಿ ಹೇಳ್ದ."

"ಹಿಡಿಸಿದ್ದಕ್ಕೇ ಎದ್ದಿದ್ದು! ಕಣಜದ ಹಿಂದೆ ಕೂತು ಕೊನೇ ತನಕ ನೋಡಿದ್ವಿ. ನಾನೇ ಟೈಮ್ ಹಿಡಿದಿದ್ದೀನಿ."

ಸೀವರ್ಟ್ ಜೇಬು ತಡಕಿದ. ಕಾಗದ ಸಿಗಲಿಲ್ಲ. ಪ್ರಾರ್ಥನೆಗೆ ಹಂಚಿದ್ದ, ವರ್ಲಿನ್‌ನ ಫೋಟೋ ಇದ್ದ ಚೀಟಿಯನ್ನು ತಿರುಗಿಸಿ ಹಿಂದೆ ಬರೆದುಕೊಂಡ. ಮೊದಲ ಬೇಸಿಗೆ ನಾಲ್ಕು ಪಾಯಿಂಟ್ ಎರಡು. ಎರಡನೇ ಬೇಸಿಗೆ ಒಂದು ಪಾಯಿಂಟ್ ಒಂಬತ್ತು.

"ಎಲ್ಲಿ ಆಡಿಸ್ಬೇಕು ಅಂದ್ರು?"

ಓಪಲ್‌ಗೆ ಗೊತ್ತಿತ್ತು. ಕ್ಯಾಚರ್ ಎಂದು ಒಂದೇ ಮಾತು ಹೇಳಿದರೆ ಚೌಕ ತುಂಬುತ್ತದೆ. ಆದರೆ ವರ್ಲಿನ್ ಹಾಗೆ ಹೇಳಿರಲಿಲ್ಲ. ಕೆನ್ನಿಗೆ ನೂರು ಸುಳ್ಳು ಹೇಳಿದ್ದಾನು, ಹಾಳೆಯಲ್ಲಿ ಒಂದೂ ಬರೆದವನಲ್ಲ. ಅವನ ಶವ ಇನ್ನೂ ಚರ್ಚಿನಲ್ಲಿತ್ತು.

"ಎಲ್ಲಾದ್ರೂ," ಎಂದಳು.

ಸೀವರ್ಟ್ ಪೆನ್ನು ಮುಚ್ಚಿದ. "ಎಲ್ಲಾದ್ರೂ ಅನ್ನೋ ಹುಡುಗರು ನನ್ನ ಹತ್ರ ನಲವತ್ತು ಜನ ಇದ್ದಾರೆ, ಓಪಲ್. ವರ್ಲಿನ್ ಬರೆದಿದ್ರೆ ಬೇರೆ ಮಾತು. ಯಾರನ್ನಾದ್ರೂ ಕಳಿಸಿ ನೋಡಿಸ್ತೀನಿ."

ಕಳಿಸಿದ. ಮೇ ತಿಂಗಳಲ್ಲಿ ಬಂದವನು ಒಂದು ಗಂಟೆ ಮಳೆ ನೋಡಿ ಹೋದ. ಆಟ ರದ್ದಾಗಿತ್ತು. ಆ ವರ್ಷದ ಕೊನೇ ಆಟ ಅದೇ.

ಜುಲೈನಲ್ಲಿ ಎರಡು ದಿನ ಓಪಲ್ ಅಡುಗೆಮನೆಯಲ್ಲಿ ಕೂತು ಡ್ರಾಫ್ಟಿನ ಹೆಸರು ಕೇಳಿದಳು. ಇಪ್ಪತ್ತು ಸುತ್ತು, ಆರುನೂರಕ್ಕೂ ಮೇಲೆ ಹೆಸರು. ಒಲೆಯ ಮೇಲಿಟ್ಟ ಬೀನ್ಸ್ ಹೊತ್ತಿಹೋಯಿತು, ಏಳಲಿಲ್ಲ. ಪ್ರಾಥರ್ ಎಂಬ ಹೆಸರು ಬರಲಿಲ್ಲ. ಗಂಡ ಸತ್ತಾಗ ಬಾರದ ಅಳು ಆಗ ಬಂತು. ಒಂದು ಮಾತು ಸುಳ್ಳು ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ಗೋಡೆಗೆ ಹೇಳಿಕೊಂಡಳು.

ಮರುವಾರ ಎರಡು ಗಂಟೆ ಗಾಡಿ ಓಡಿಸಿ ಎಮೆಟ್‌ನ ಊರಿಗೆ ಹೋದಳು. ಅವನು ಚಿಕ್ಕಪ್ಪನ ಟಯರ್ ಅಂಗಡಿಯಲ್ಲಿದ್ದ.

"ಟಯರ್ ಬೇಕಿತ್ತಾ ಮ್ಯಾಮ್?"

"ಬೇಡಪ್ಪ. ನಾನು ಸ್ಕೌಟ್ ವರ್ಲಿನ್ ಡಾಟ್ಸನ್ ಹೆಂಡತಿ."

ಹುಡುಗ ಕೈ ಒರೆಸಿಕೊಂಡ. "ಬಿಳಿ ಟೋಪಿ, ಮಡಚೋ ಕುರ್ಚಿ. ನಾನು ಕ್ಯಾಚರ್ ಕೂತ ತಕ್ಷಣ ಎದ್ದು ಹೋದ್ರು. ಮುಖವಾಡದೊಳಗಿಂದ ನೋಡ್ದೆ."

"ಹೋಗಲಿಲ್ಲ. ನಿನ್ನ ಬೆನ್ನ ಹಿಂದೇನೇ ಇದ್ವಿ. ಬೇಲಿ ಆಚೆ, ಕಣಜದ ಹತ್ರ. ನೀನು ಹುಲ್ಲು ಕಿತ್ತು ಗಾಳಿ ನೋಡಿದ್ದು, ಪಕ್ಕದವನ್ನ ಮೂರು ಹೆಜ್ಜೆ ಸರಿಸಿದ್ದು, ಎಲ್ಲಾ ನೋಡಿದ್ರು."

ಎಮೆಟ್ ಪಕ್ಕದ ಟಯರಿನ ಮೇಲೆ ಕೂತ.

"ಮೇ ತಿಂಗಳಲ್ಲಿ ಸಣ್ಣ ಲೀಗಿನ ಟೀಮೊಂದು ಆಡಿ ತೋರ್ಸು ಬಾ ಅಂದಿತ್ತು," ಎಂದ. "ಹೋಗ್ಲಿಲ್ಲ. ಅಷ್ಟು ವರ್ಷ ಆಟ ನೋಡಿದೋರೇ ನಾಲ್ಕು ಇನಿಂಗ್ಸ್‌ಗೆ ಸಾಕು ಅಂದ್ರಲ್ಲ, ಇನ್ನೇನು ತೋರ್ಸೋದು ಅಂದ್ಕೊಂಡೆ. ಒಂದ್ಮಾತು ಹೇಳಿ ಹೋಗಿದ್ರೆ ಆಗ್ತಿತ್ತು, ಮ್ಯಾಮ್."

"ಹೇಳ್ಬೇಕಿತ್ತು," ಎಂದಳು ಓಪಲ್. "ಹಂಗೆ ಹೇಳೋ ಅಭ್ಯಾಸ ಇರಲಿಲ್ಲ ಅವರಿಗೆ."

"ಯಾವ ಜಾಗಕ್ಕೆ ಸರಿ ಅಂದ್ರು ನನ್ನ?"

"ಎಲ್ಲಿ ತೂತಿದೆಯೋ ಅಲ್ಲಿಗೆ ಅಂದ್ರು," ಎಂದಳು. ಹುಡುಗ ನಗಲು ಹೋಗಿ ಮುಖ ತಿರುಗಿಸಿಕೊಂಡ. ಅವಳು ಹೊರಡುವಾಗ ಕೇಳದೆಯೇ ಅವಳ ಗಾಡಿಯ ನಾಲ್ಕೂ ಟಯರಿಗೆ ಗಾಳಿ ತುಂಬಿಕೊಟ್ಟ.

ವರ್ಲಿನ್ ಫೋನು ಡ್ರಾಯರಿನಲ್ಲಿತ್ತು. ಏಪ್ರಿಲ್‌ನಿಂದ ಅವಳು ಮುಟ್ಟಿರಲಿಲ್ಲ. ಆ ಸಂಜೆ ಚಾರ್ಜಿಗೆ ಹಾಕಿದಳು. ನೂರಾ ಹನ್ನೊಂದು ಸಂದೇಶ. ಕೋಚುಗಳು, ಹುಡುಗರ ಅಪ್ಪಂದಿರು. ಒಮ್ಮೆ ಬಂದು ನಮ್ಮ ಹುಡುಗನನ್ನು ನೋಡಿ ಎನ್ನುವವರೇ ಎಲ್ಲರೂ. ಸಾವಿನ ಸುದ್ದಿ ತಿಳಿಯದವರು ಈಗಲೂ ಫೋನು ಮಾಡುತ್ತಾರೆ. ಓಪಲ್ ಬೆಳಗ್ಗೆ ಪಾತ್ರೆ ತೊಳೆದು, ಕೈ ಒರೆಸಿ, ಮೇಜಿಗೆ ಕೂತು ಒಬ್ಬೊಬ್ಬರಿಗೂ ತಿರುಗಿ ಫೋನು ಮಾಡುತ್ತಾಳೆ. ಅವರು ತೀರಿಕೊಂಡರು, ಕಾಯಬೇಡಿ, ಬೇರೆಯವರನ್ನು ಕೇಳಿ ಎನ್ನುತ್ತಾಳೆ. ಕೆನ್ನಿಯ ನಂಬರ್ ಅಂಕಿ ಅಂಕಿಯಾಗಿ ಬಿಡಿಸಿ ಹೇಳಿ, ಬರೆದುಕೊಂಡಿರಾ ಎಂದು ಕೇಳಿ, ಆಮೇಲೆ ಮುಂದಿನವರಿಗೆ ಮಾಡುತ್ತಾಳೆ.