ಪ್ಲಾಸ್ಮಾ, ಎಲ್‌ಸಿಡಿ ಮತ್ತು ಅವ್ವನ ಎಡಗಣ್ಣು

ವಿಜ್ಞಾನದ ಮೇಷ್ಟರಾದವರಿಗೆ ಒಂದು ತೊಂದರೆ ಉಂಟು. ತರಗತಿಯಲ್ಲಿ ನಾವು ಹೇಳಿಕೊಡುವುದು ಬೆಳಕು ನೀರಿನೊಳಗೆ ಯಾಕೆ ಬಾಗುತ್ತದೆ ಎನ್ನುವುದನ್ನು. ಊರಿನವರು ನಮ್ಮನ್ನು ಕೇಳುವುದು ಮಿಕ್ಸರ್ ಯಾಕೆ ಸುಟ್ಟಿತು ಅಂತ. ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುತ್ತದೆ, ಗೊತ್ತು ಎಂದರೆ ಮಿಕ್ಸರ್ ಹೋಗುತ್ತದೆ. ನಾನು ಕೊಟ್ಟೂರಿನಲ್ಲಿ ಇಪ್ಪತ್ತು ವರ್ಷ ಈ ಎರಡರ ನಡುವೆ, ತಲೆ ಆಡಿಸುತ್ತಾ, 'ನೋಡಬೇಕ್ರಿ' ಎನ್ನುತ್ತಾ ಕಾಲ ಹಾಕಿದವನು. ಹೀಗೆ ಬಚಾವಾಗುತ್ತಾ ಬಂದವನು ಸಿಕ್ಕಿಬಿದ್ದದ್ದು ನನ್ನ ಮನೆಯಲ್ಲೇ, ಒಂದು ಟಿವಿಯ ದೆಸೆಯಿಂದ.

ಗೂಡಿನಂಥ ಟಿವಿಗಳು ಹೋಗಿ ಹಲಗೆಯಂಥವು ಬರತೊಡಗಿದ್ದ ಕಾಲ ಅದು. ನಮ್ಮ ಮನೆಯಲ್ಲಿದ್ದದ್ದು ಗೂಡೇ. ಅದನ್ನು ಹದಿನಾಲ್ಕು ವರ್ಷ ಬದುಕಿಸಿಕೊಂಡು ಬಂದವರು ಖಾದರ್. ಬಸ್ ನಿಲ್ದಾಣದ ಹಿಂದೆ ಅವರ ರಿಪೇರಿ ಅಂಗಡಿ. ಬಂದಾಗಲೆಲ್ಲ ಟಿವಿಯ ಬೆನ್ನು ಬಿಚ್ಚಿ, ಒಳಗಿನ ಧೂಳನ್ನು ಊದಿ, ಅವ್ವ ಕೊಟ್ಟ ಚಹಾ ಕುಡಿದು, ಏನೋ ತಿರುವಿ ಹೋಗುತ್ತಿದ್ದರು. ಕೊನೆಯ ಒಂದು ವರ್ಷದಲ್ಲಂತೂ ಅವ್ವನ ದೂರು ಒಂದೇ: "ಖಾದರಪ್ಪ, ಟಿವಿ ಹಳದಿ ಆಗೇತಿ ನೋಡು. ಮಂದಿಗೆಲ್ಲ ಅರಿಷಿಣ ಹಚ್ಚಿ ಕುಂದ್ರಿಸಿದಂಗ ಕಾಣ್ತೈತಿ." ಖಾದರ್ ನೀಲಿ ಹೆಚ್ಚಿಸುತ್ತಿದ್ದರು. ಅವ್ವ ಸರಿಯಾಯಿತು ಎನ್ನುತ್ತಿದ್ದಳು. ವಾರ ಬಿಟ್ಟು ಮತ್ತೆ ಹಳದಿ. ಹೀಗೆ ಹೆಚ್ಚಿಸಿ ಹೆಚ್ಚಿಸಿ ಕೊನೆಗೆ ನಮ್ಮ ಟಿವಿಯಲ್ಲಿ ವಾರ್ತೆ ಓದುವವರು ವಿಷ ಕುಡಿದವರ ಹಾಗೆ ಕಾಣತೊಡಗಿದರು. ಒಂದು ಭಾನುವಾರ ಖಾದರ್ ಸ್ಕ್ರೂಡ್ರೈವರ್ ಕೆಳಗಿಟ್ಟು ಹೇಳಿದರು:

"ಮಾಸ್ತರ್ರ, ಪಿಚ್ಚರ್ ಟ್ಯೂಬಿಗೆ ಮುಪ್ಪು ಬಂದೈತಿ. ಇನ್ನ ನನ್ನ ಕೈಯಾಗ ಇಲ್ಲ. ಹೊಸದು ತರ್ರಿ."

ಅಲ್ಲಿಂದ ಶುರುವಾಯಿತು. ದೊಡ್ಡದೇ ತರೋಣ ಎಂದು ನಾನು ಅಂದದ್ದೇ ತಡ, ಮನೆ ಎರಡು ಪಕ್ಷವಾಯಿತು. ನನ್ನ ಹೆಂಡತಿ ಗಿರಿಜಾ ಎಲ್‌ಸಿಡಿ ಪಕ್ಷ. ಹಡಗಲಿಯ ಅವಳ ಅಕ್ಕನ ಮನೆಯಲ್ಲಿ ಎಲ್‌ಸಿಡಿ ಬಂದಿತ್ತು. ನಾನು ಪ್ಲಾಸ್ಮಾ ಪಕ್ಷ. ಕಾರಣ ಕೇಳಿದರೆ ನಾಚಿಕೆಯಾಗುತ್ತದೆ: ಘನ, ದ್ರವ, ಅನಿಲಗಳಾದ ಮೇಲೆ ದ್ರವ್ಯದ ನಾಲ್ಕನೆಯ ಸ್ಥಿತಿ ಪ್ಲಾಸ್ಮಾ ಎಂದು ಇಪ್ಪತ್ತು ವರ್ಷ ಪಾಠ ಹೇಳಿದ್ದೆ, ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಮಿಂಚಿನಲ್ಲಿದೆ, ಸೂರ್ಯನಲ್ಲಿದೆ ಎಂದು ಮಕ್ಕಳಿಗೆ ಹೇಳುವಾಗ ಎರಡೂ ನಮ್ಮ ಕೈಗೆ ಎಟುಕುವಂಥವಲ್ಲ. ಈಗ ಅದು ಅಂಗಡಿಯಲ್ಲಿ ಸಿಗುತ್ತದೆ ಎಂದರೆ ಬಿಡುವುದು ಹೇಗೆ?

ಎರಡರ ವ್ಯತ್ಯಾಸವನ್ನು ನಾನು ಗಿರಿಜಾಗೆ ವಿವರಿಸಿದೆ. ಪ್ಲಾಸ್ಮಾ ಎಂದರೆ ಲಕ್ಷಾಂತರ ಪುಟ್ಟ ಟ್ಯೂಬ್‌ಲೈಟುಗಳು. ಪ್ರತಿಯೊಂದೂ ತನ್ನ ಬೆಳಕನ್ನು ತಾನೇ ಕೊಡುತ್ತದೆ. ಎಲ್‌ಸಿಡಿಗೆ ಸ್ವಂತ ಬೆಳಕಿಲ್ಲ. ಹಿಂದೊಂದು ದೀಪ, ಮುಂದೆ ಲಕ್ಷಾಂತರ ಕಿಟಕಿ. ತೆರೆದರೆ ಬೆಳಕು, ಮುಚ್ಚಿದರೆ ಕತ್ತಲೆ. ಆದರೆ ಯಾವ ಕಿಟಕಿ ತಾನೇ ಪೂರ್ತಿ ಮುಚ್ಚುತ್ತದೆ? ಸಂದಿಯಲ್ಲಿ ಬೆಳಕು ಸೋರುತ್ತದೆ. ಹಾಗಾಗಿ ಪ್ಲಾಸ್ಮಾದ ಕಪ್ಪು ಕಾಡಿಗೆ, ಎಲ್‌ಸಿಡಿಯ ಕಪ್ಪು ಒಲೆಯ ಬೂದಿ.

ಗಿರಿಜಾ ಹೊಲಿಗೆ ಯಂತ್ರದ ಪೆಡಲ್ ನಿಲ್ಲಿಸದೆ ಕೇಳಿದಳು: "ಕರಿ ನೋಡಾಕ ಟಿವಿ ಯಾಕ ಬೇಕ್ರಿ? ಕರೆಂಟ್ ಹೋದ್ರ ಎರಡ್ರಾಗೂ ಕರೀನ."

ನಮ್ಮೂರಿನ ಕರೆಂಟಿನ ಪರಿಚಯ ಇದ್ದವರು ಈ ಮಾತಿಗೆ ಉತ್ತರ ಹೇಳಲಾರರು. ಜೊತೆಗೆ ಪ್ಲಾಸ್ಮಾ ಕರೆಂಟು ಜಾಸ್ತಿ ತಿನ್ನುತ್ತದೆ, ಬಿಸಿಯಾಗುತ್ತದೆ, ಒಂದೇ ಚಾನೆಲ್ ಬಹಳ ಹೊತ್ತು ಇಟ್ಟರೆ ಮೂಲೆಯ ಗುರುತು ಗಾಜಿಗೇ ಅಚ್ಚೊತ್ತಿ ಕೂರುತ್ತದೆ ಎಂಬುದೆಲ್ಲ ಅವಳ ಅಕ್ಕನಿಂದ ಫೋನಿನಲ್ಲಿ ಬಂದಿತ್ತು. ಹತ್ತು ದಿನ ವಾದ ನಡೆಯಿತು. ಕೊನೆಗೆ ಇಬ್ಬರೂ ಸೋತು ಒಂದು ತೀರ್ಮಾನಕ್ಕೆ ಬಂದೆವು: ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಟಿವಿ ನೋಡುವವಳು ಅವ್ವ. ಅವಳ ಕಣ್ಣಿಗೆ ಯಾವುದು ಚಂದವೋ ಅದು.

ಹರಪನಹಳ್ಳಿಯ ಹೊಸ ಅಂಗಡಿಯೊಂದರಲ್ಲಿ ಎರಡನ್ನೂ ಪಕ್ಕಪಕ್ಕ ಹಚ್ಚಿ ತೋರಿಸುತ್ತಾರೆಂದು ತಿಳಿಯಿತು. ಖಾದರ್ ಅವರನ್ನೂ ಕರೆದೆ. ಕರೆದ ಮೇಲೆ, ಕರೆಯಬಾರದಿತ್ತೇನೋ ಅನ್ನಿಸಿತು. ಈ ಹೊಸ ಟಿವಿಗಳ ಬೆನ್ನು ಬಿಚ್ಚುವ ಕೆಲಸ ಅವರಿಗೆ ಇನ್ನು ಸಿಗುವುದಿಲ್ಲವಲ್ಲ. ಅವರು ನಕ್ಕರು. "ಬರ್ತೀನಿ ಮಾಸ್ತರ್ರ. ನನ್ನ ಕೆಲಸ ಕಸಗೊಳ್ಳಾಕ ಬಂದದ್ದರ ಮುಖ ಒಮ್ಮೆರ ನೋಡಬೇಕಲ್ಲ."

ಅಂಗಡಿಯಲ್ಲಿ ಎಡಕ್ಕೆ ಪ್ಲಾಸ್ಮಾ, ಬಲಕ್ಕೆ ಎಲ್‌ಸಿಡಿ. ಎರಡರಲ್ಲೂ ಒಂದೇ ಕಾರ್ಯಕ್ರಮ: ಯಾರೋ ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದರು. ಮಾಲೀಕರು ಅವ್ವನಿಗೆ ಕುರ್ಚಿ ಹಾಕಿಸಿದರು. ತಲೆಯ ಮೇಲೆ ಫ್ಯಾನಿನ ಗಾಳಿ ಜೋರು. ಹಿಂದಿನ ವರ್ಷ ಉಚಿತ ಶಿಬಿರವೊಂದರಲ್ಲಿ ಅವ್ವನ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಗಾಳಿ ಬಡಿದರೆ ಆ ಕಣ್ಣಲ್ಲಿ ನೀರು ಬರುತ್ತಿತ್ತು; ಮನೆಯಲ್ಲೂ ಫ್ಯಾನಿನ ಕೆಳಗೆ ಆ ಕಣ್ಣಿಗೆ ಸೆರಗು ಒತ್ತಿಕೊಂಡೇ ಟಿವಿ ನೋಡುತ್ತಿದ್ದಳು. ಅದಕ್ಕೆ ಸೆರಗು ಒತ್ತಿಕೊಂಡೇ ಅವ್ವ ಪ್ಲಾಸ್ಮಾ ಕಡೆ ನೋಡಿದಳು. ನೋಡಿ ಮುಖ ಸಿಂಡರಿಸಿದಳು.

"ಇದೇನು ತಮ್ಮಾ, ನಮ್ಮ ಹಳೇ ಟಿವಿಯಂಗ ಹಳದಿ ಐತಿ."

ಸೆರಗು ಇಳಿಸಿ ಎಲ್‌ಸಿಡಿ ನೋಡಿದಳು. "ಇದು ಹಾಲಿನಂಗ ಐತಿ. ಬದನಿಕಾಯಿ ಬಣ್ಣ ಏನ್ ಚಂದ!"

ಗಿರಿಜಾ ನನ್ನ ಕಡೆ ನೋಡಲಿಲ್ಲ. ಗೆದ್ದವರು ನೋಡುವುದಿಲ್ಲ. ನನಗೆ ತಡೆಯಲಾಗಲಿಲ್ಲ. "ಇನ್ನೊಮ್ಮೆ ನೋಡವ್ವಾ, ಅವಸರ ಏನೈತಿ" ಎಂದೆ. ಅವ್ವ ಮತ್ತೆ ಪ್ಲಾಸ್ಮಾ ನೋಡಿದಳು. ಈಗ ಅದು ಬೆಳ್ಳಗೈತಿ ಎಂದಳು. ಅಷ್ಟರಲ್ಲಿ ಕಣ್ಣು ಮತ್ತೆ ಒಸರಿತು. ಸೆರಗು ಒತ್ತಿಕೊಂಡು ಎಲ್‌ಸಿಡಿ ಕಡೆ ತಿರುಗಿದಳು. ಈಗ ಅದು ಹಳದಿ!

"ಅಮ್ಮಾರ, ಈಗ ತಾನ ಹಾಲಿನಂಗ ಐತಿ ಅಂದ್ರಲ್ಲ" ಎಂದರು ಮಾಲೀಕರು, ರಿಮೋಟನ್ನು ಒಮ್ಮೆ, ಟಿವಿಯನ್ನು ಒಮ್ಮೆ ನೋಡುತ್ತಾ.

ನಾನು ಜೋರಾಗಿ ನಕ್ಕುಬಿಟ್ಟೆ. ಗಿರಿಜಾಳೂ ನಕ್ಕಳು. ಅವ್ವನ ಮುಖ ಸಣ್ಣದಾಯಿತು. "ನನಗ ಕಂಡಂಗ ಹೇಳೀನಪ್ಪ. ನಗಸಾಟಕ್ಕ ಕರ್ಕೊಂಡು ಬಂದೀರೇನು?" ಎಂದು ಎದ್ದು ನಿಂತಳು.

ನಗದೆ ಇದ್ದವರು ಖಾದರ್ ಒಬ್ಬರೇ. ಅವರು ಟಿವಿಗಳನ್ನು ನೋಡುತ್ತಿರಲಿಲ್ಲ, ಅವ್ವನ ಸೆರಗನ್ನು ನೋಡುತ್ತಿದ್ದರು. ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಮ್ಮಾ, ಒಂದ್ ನಿಮಿಷ ಕುಂದ್ರಿ. ಬಲಗಣ್ಣು ಮುಚ್ಚಿಕೊಂಡು ನೋಡ್ರಿ, ಎರಡೂ ಹೆಂಗ ಕಾಣ್ತಾವು?"

ಅವ್ವ ಕೂತಳು, ಕಣ್ಣು ಮಾತ್ರ ಮುಚ್ಚಿಕೊಳ್ಳಲಿಲ್ಲ.

"ಮುಚ್ಚಿಕೊಳ್ರಿ ಅಮ್ಮಾ."

ಮುಚ್ಚಿಕೊಂಡಳು. ಎರಡೂ ಟಿವಿಗಳ ಕಡೆ ತಿರುಗಿ ನೋಡಿ, "ಎರಡೂ ಹಳದಿ" ಎಂದಳು. "ಹಳದೀನೂ ಅಲ್ಲ. ಹೊಗಿ ತುಂಬಿದಂಗ."

"ಎಷ್ಟು ಮಂದಿ ಕಾಣ್ತಾರ ಅದ್ರಾಗ?"

"ಮಂದಿ ಎಲ್ಲಿ ಅದಾರ?" ಎಂದಳು ಅವ್ವ.

ಎರಡೂ ಪರದೆಗಳ ತುಂಬ ಒಬ್ಬ ಹೆಂಗಸು ತಟ್ಟೆ ಹಿಡಿದು ನಗುತ್ತಿದ್ದಳು.

ಬಲಗಣ್ಣು ಸರಿಯಾದಾಗ ಡಾಕ್ಟರು ಎಡಗಣ್ಣಿಗೂ ಬರಬೇಕೆಂದಿದ್ದರು. ಅವ್ವ ಅದು ಚೊಲೋ ಐತಿ ಎಂದಿದ್ದಳು. ನಾವು ನಂಬಿದ್ದೆವು. ನಂಬುವುದು ನಮಗೂ ಅನುಕೂಲವಾಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಪೊರೆ ಬಂದ ಕಣ್ಣು ಹಳದಿ ಗಾಜಿನಂತೆ ನೀಲಿಯನ್ನು ನುಂಗಿಬಿಡುತ್ತದೆ; ಪೊರೆ ತೆಗೆದ ಕಣ್ಣಿಗೆ ಬಿಳಿ ಬಿಳಿಯಾಗಿ ಕಾಣುತ್ತದೆ. ಇದು ವಿಜ್ಞಾನದ ಮೇಷ್ಟರಿಗೆ ತಿಳಿಯಬೇಕಾದ ಸಂಗತಿ. ಒಂದು ವರ್ಷ ನನ್ನ ತಾಯಿ ನನ್ನ ಎದುರಿಗೇ ಕೂತು ಹಳದಿ, ಹಳದಿ ಎಂದು ಹೇಳಿದ್ದಳು. ನಾನು ಟಿವಿ ರಿಪೇರಿ ಮಾಡಿಸುತ್ತಿದ್ದೆ!

ಟಿವಿ ಕೊಳ್ಳದೆ ಹೊರಗೆ ಬಂದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ಎದುರಿನ ಹೋಟೆಲಿನಲ್ಲಿ ಮಂಡಕ್ಕಿ, ಮಿರ್ಚಿ ಬಜ್ಜಿ ತರಿಸಿದೆ. ಯಾರೂ ಮುಟ್ಟಲಿಲ್ಲ. ಗಿರಿಜಾ ಮೊದಲು ಬಾಯಿ ಬಿಟ್ಟಳು. ಅವಳ ಹೊಲಿಗೆಗೆ ಕುಪ್ಪಸದ ಬಟ್ಟೆಗೆ ಹೊಂದುವ ದಾರ ಆರಿಸಿ ಕೊಡುವುದು ಮೊದಲಿನಿಂದಲೂ ಅವ್ವನ ಕೆಲಸ. ಬಣ್ಣದ ವಿಷಯದಲ್ಲಿ ಅವ್ವನ ಮಾತು ಮೀರಿದವರು ನಮ್ಮ ಓಣಿಯಲ್ಲಿ ಇರಲಿಲ್ಲ.

"ಅತ್ತಿ, ಒಂದ್ ವರ್ಷದಿಂದ ನೀವು ಬಲಗಣ್ಣಿಗೆ ಸೆರಗು ಒತ್ತಿಕೊಂಡು ನೀಲಿಗೆ ಹಸರು ಕೊಡಾಕ ಹತ್ತಿದ್ರಿ. ನಿಮಗ ಬ್ಯಾಸರ ಆಗಬಾರದು ಅಂತ ನಾನ ಬದಲಿ ಹಾಕ್ಕೊಂತಿದ್ದೆ. ಹೇಳಬೇಕಾಗಿತ್ತು ನಾನು."

"ನನಗ ಗೊತ್ತಿತ್ತು ಬಿಡು" ಎಂದಳು ಅವ್ವ. "ನಾ ಕೊಟ್ಟ ದಾರದ ಉಂಡಿ ಸವೀದ ಹಂಗ ದಪ್ಪ ಇರ್ತಿತ್ತು. ಕೈಯಾಗ ಹಿಡದ್ರ ತಿಳಿಯಂಗಿಲ್ಲೇನು?"

ಗಿರಿಜಾ ತಲೆ ತಗ್ಗಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು; ಇಬ್ಬರೂ ಒಂದು ವರ್ಷ ಒಬ್ಬರನ್ನೊಬ್ಬರು ನೋಯಿಸದ ಹಾಗೆ ಒಂದೇ ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದರು. ನಾನು ಅದೇ ಮನೆಯಲ್ಲಿ ಊಟ ಮಾಡುತ್ತಿದ್ದೆ.

"ಮತ್ತ ಯಾಕವ್ವಾ ಆಪರೇಷನ್ ಬ್ಯಾಡ ಅಂದಿ? ಹೆದರಿಕೀನ?" ಎಂದೆ.

"ಹೆದರಿಕಿ ಎಂಥಾದ್ದೋ. ಬಲಗಣ್ಣಿನ ಪಟ್ಟಿ ಬಿಚ್ಚಿದ ದಿವಸ ಮೊದಲ ನನ್ನ ಕೈ ನೋಡ್ಕೊಂಡೆ. ಗಾಬ್ರಿ ಆತು. ಇದು ಯಾರ ಕೈ ಅಂತ. ಅಡಗಿಮನಿ ಗ್ವಾಡಿ ನೋಡಿದ್ರ ಮಸಿ, ಇಕಿ ತಲಿ ನೋಡಿದ್ರ ಬಿಳಿಗೂದಲ, ನಿನ್ನ ಮುಖ ನೋಡಿದ್ರ ನಿಮ್ಮಪ್ಪಗಿಂತ ಮುದುಕ ಆಗೀಯ. ಒಂದ ಕಣ್ಣಿಗೆ ಇಷ್ಟು ಕಂಡ್ರ ಎರಡಕ್ಕ ಎಷ್ಟು ಕಂಡೀತು? ಎಡಗಣ್ಣಾಗ ಇನ್ನಾ ನನ್ನ ಕೈ ಬಂಗಾರದಂಗ ಕಾಣ್ತೈತಿ. ಇರ್ಲಿ ಅಂತ ಬಿಟ್ಟೆ."

ಇದಕ್ಕೆ ಉತ್ತರ ಕೊಟ್ಟವರು ಖಾದರ್. ಮಂಡಕ್ಕಿ ತಟ್ಟೆಯನ್ನು ಅವ್ವನ ಕಡೆ ಸರಿಸುತ್ತಾ ಹೇಳಿದರು: "ಅಮ್ಮಾ, ಆ ಬಂಗಾರ ಇರಾಂಗಿಲ್ರಿ. ಮುಪ್ಪಾದ ಟ್ಯೂಬ್ ನೂರು ನೋಡೀನಿ. ಮೊದಲು ಹಳದಿ ಆಗ್ತೈತಿ, ಆಮ್ಯಾಲೆ ಮಬ್ಬು, ಆಮ್ಯಾಲೆ ಏನೂ ಇಲ್ಲ. ಟ್ಯೂಬಿಗೆ ನನ್ನ ಕೈಯಾಗ ಔಷಧ ಇಲ್ಲ. ಕಣ್ಣಿಗೆ ಐತಿ. ಇದ್ದದ್ದನ್ನ ಬಿಡ್ತಾರೇನ್ರಿ?"

ಅವ್ವ ಒಂದು ಮಿರ್ಚಿ ಎತ್ತಿಕೊಂಡಳು. ನಮ್ಮ ಮನೆಯಲ್ಲಿ ಅದನ್ನು ಒಪ್ಪಿಗೆ ಎಂದು ತಿಳಿಯುತ್ತೇವೆ.

ಆಪರೇಷನ್ ಆಯಿತು. ದಿನವೂ ಮೂರು ಹೊತ್ತು ಕಣ್ಣಿಗೆ ಹನಿ ಹಾಕುವ ಕೆಲಸ ನಾನೇ ವಹಿಸಿಕೊಂಡೆ. ಅಷ್ಟು ಹತ್ತಿರದಿಂದ ಅವ್ವನ ಮುಖ ನೋಡಿ ಎಷ್ಟು ವರ್ಷವಾಗಿತ್ತೋ. ಪಟ್ಟಿ ಬಿಚ್ಚಿದ ದಿನ ಅವಳು ಎರಡೂ ಕೈ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಹೂಂ, ನಂದ ಕೈ" ಎಂದು ಎದ್ದು ಹೋಗಿ ಅಡುಗೆಮನೆ ಗೋಡೆ ತಿಕ್ಕಲು ಹೊರಟಳು. ಹಿಡಿದು ಕೂರಿಸಲು ನಾವಿಬ್ಬರೂ ಬೇಕಾದೆವು.

ಎರಡು ತಿಂಗಳ ಮೇಲೆ ಮತ್ತೆ ಹರಪನಹಳ್ಳಿಗೆ ಹೋದೆವು, ಈ ಸಲ ಮೂವರೇ. ಅವ್ವ ಎರಡನ್ನೂ ನೋಡಿದಳು. "ಬಣ್ಣ ಎರಡೂ ಚೊಲೋ ಅದಾವ" ಎಂದಳು. ಮಾಲೀಕರು ಉಸಿರು ಬಿಟ್ಟರು. ಗಿರಿಜಾ ಈ ಸಲ ಪಕ್ಕಕ್ಕೆ ಸರಿದು ನಿಂತು ನೋಡಿ, ಅಲ್ಲಿಂದ ಎಲ್‌ಸಿಡಿ ಪೇಲವವಾಗುತ್ತದೆ ಎಂದು ತಾನೇ ಕಂಡುಕೊಂಡಳು. ಅವಳ ಹೊಲಿಗೆ ಯಂತ್ರ ಇರುವುದೇ ಪಕ್ಕದಲ್ಲಿ. ಆದರೂ ಅಕ್ಕನ ಪಕ್ಷ ಬಿಟ್ಟುಕೊಡದೆ, "ಪ್ಲಾಸ್ಮಾದ ಗಾಜು ಕನ್ನಡಿಯಂಗ ಹೊಳಿತೈತ್ರಿ, ಬಾಗಿಲಾಗಿನದೆಲ್ಲ ಅದ್ರಾಗ ಬೀಳ್ತೈತಿ" ಎಂದಳು. ಮಾಲೀಕರು ತಪ್ಪು ಮಾಡಿದವರಂತೆ ಬಾಗಿಲ ಪರದೆ ಎಳೆಯಲು ಓಡಿದರು.

"ಎಳೀಬ್ಯಾಡಪ್ಪ, ತಡಿ" ಎಂದಳು ಅವ್ವ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡಿದಳು. ಪ್ಲಾಸ್ಮಾದೊಳಗೆ ಯಾರೋ ಹಾಡುತ್ತಿದ್ದರು. ಅವರ ಹೆಗಲ ಮೇಲಿಂದ ರಸ್ತೆ, ರಸ್ತೆಯಲ್ಲಿ ಒಂದು ಸೈಕಲ್ಲು, ಬಾಗಿಲಲ್ಲಿ ನಿಂತ ಇಬ್ಬರು ಗಿರಾಕಿಗಳು ಕಾಣುತ್ತಿದ್ದರು. ಅವ್ವನ ಮುಖ ಅರಳಿತು. "ಇದ ಇರ್ಲಿ ತಮ್ಮಾ. ನಾ ಬಾಗಿಲಿಗೆ ಬೆನ್ನು ಮಾಡಿ ಕುಂದ್ರತೀನಿ, ಯಾರು ಬಂದ್ರು ಯಾರು ಹೋದ್ರು ಒಂದೂ ಗೊತ್ತಾಗಂಗಿಲ್ಲ. ಇದ್ರಾಗ ಎರಡೂ ನೋಡಬಹುದು."

ಪ್ಲಾಸ್ಮಾದ ದೋಷವೆಂದು ಎಲ್ಲರೂ ಹೇಳುವುದನ್ನು ನೋಡಿ ಪ್ಲಾಸ್ಮಾ ಕೊಂಡವರು ಜಿಲ್ಲೆಯಲ್ಲಿ ನಾವೊಬ್ಬರೇ ಇರಬೇಕು. ಹಗಲೆಲ್ಲ ತಲೆಬಾಗಿಲು ತೆರೆದೇ ಇರುವ ಮನೆ ನಮ್ಮದು. ಅಂಥ ಮನೆಗೆ ಟಿವಿ ಆರಿಸುವಾಗ ನಾನು ಕಪ್ಪಿನ ಆಳ ಅಳೆಯುತ್ತಿದ್ದೆ. ಅವ್ವ ಬಾಗಿಲು ನೋಡುತ್ತಿದ್ದಳು.

ಟಿವಿ ಬಂದು ಹದಿನೈದು ದಿನವಾದರೂ ಖಾದರ್ ನಮ್ಮ ಮನೆಯ ಕಡೆ ಬಂದಿರಲಿಲ್ಲ. ಕೆಟ್ಟದ್ದೇ ಇಲ್ಲವಲ್ಲ, ಬರಲು ನೆಪವೇನು? ಒಂದು ಮಧ್ಯಾಹ್ನ ಅವ್ವ ಧಾರಾವಾಹಿಯಲ್ಲಿ ಮುಳುಗಿದ್ದಳು. ನಾನು ಪಡಸಾಲೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಇದ್ದಕ್ಕಿದ್ದಂತೆ ಅವ್ವ ತಿರುಗದೆ, ಪರದೆಯಿಂದ ಕಣ್ಣು ತೆಗೆಯದೆ ಕೂಗಿದಳು:

"ಖಾದರಪ್ಪ, ಬಾಗಿಲ ತನಕ ಬಂದು ಯಾಕ ಹೊಳ್ಳಿ ಹೊಂಟಿ? ಒಳಗ ಬಾ. ಗಿರಿಜಾ, ಚಹಾಕ್ಕ ಇಡವಾ."

ಖಾದರ್ ಸಂಕೋಚದಿಂದ ಒಳಗೆ ಬಂದು ಕೂತರು. ಗೋಡೆಯ ಮೇಲಿನ ಹಲಗೆಯನ್ನು ತಲೆ ಓರೆ ಮಾಡಿ ನೋಡಿದರು. ನೋಡಿದರು, ನೋಡಿದರು, ತಡೆಯಲಾರದೆ ಹೇಳಿದರು: "ಅಮ್ಮಾ, ಕೆಂಪು ಒಂಚೂರು ಹೆಚ್ಚಾಗೇತ್ರಿ."

ಅವ್ವ ಆ ಕ್ಷಣವೇ ರಿಮೋಟನ್ನು ಅವರ ಕೈಗೆ ಕೊಟ್ಟಳು. ನನಗೆ ಅದು ಇನ್ನೂ ಸಿಕ್ಕಿರಲಿಲ್ಲ.